ಹಿಮದ ಹಲಗೆಗೂ ವಿಮಾನದ ಪ್ರಯಾಣ

ಹೋದ ಸಲ ಹಲಸಿನ ಹಪ್ಪಳದ ಬಗ್ಗೆ ಬರೆದಾಗ ಬಹಳ ಜನ ಕಾಗದ ಬರೆದಿರಿ, ಸಂತೋಷ. ಈ ಸಲದ ವಿಷಯ ಸ್ವಲ್ಪ ವಿಚಿತ್ರ, ನಗಬೇಡಿ. ತಿಪಟೂರಿನಲ್ಲಿ ಕೂತು, ಹಿಮದ ಮೇಲೆ ಜಾರುವ ಹಲಗೆಯನ್ನು ವಿಮಾನದಲ್ಲಿ ಕಳಿಸೋದು ಹೇಗೆ ಅಂತ ಬರೆಯುವ ಕಾಲ ನನಗೂ ಬಂತು!

ನಮ್ಮ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಗುಲ್‌ಮರ್ಗ್‌ನಲ್ಲಿ ಒಂದು ಸಲ ಬಾಡಿಗೆ ಸಾಮಾನಿನಲ್ಲಿ ಕಲಿತು ಬಂದವಳು, ಆಮೇಲೆ ಸಂಬಳದಲ್ಲಿ ಉಳಿಸಿ ಯಾರೋ ಬಳಸಿದ ಸ್ನೋಬೋರ್ಡ್ ಕೊಂಡಳು. ಪಕ್ಕದ ಮನೆಯವರು "ಹೆಣ್ಣುಮಗಳಿಗೆ ಇದೆಲ್ಲ ಯಾಕ್ರೀ?" ಅಂದರು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀ ಓಟದಲ್ಲಿ ದೇಶದ ಪರವಾಗಿ ಹೋಗ್ತಾಳಲ್ಲ ಅಂತ ನಾನೂ ತಿರುಗಿ ಹೇಳಿದೆ. ಬಾಯಲ್ಲಿ ಹಾಗಂದರೂ ಹೊಟ್ಟೆಯೊಳಗೆ ಪುಕಪುಕ ಇದ್ದೇ ಇತ್ತು.

2024ರ ಜನವರಿಯಲ್ಲಿ ಗುಲ್‌ಮರ್ಗ್‌ನಲ್ಲಿ ಹಿಮವೇ ಸರಿಯಾಗಿ ಬೀಳಲಿಲ್ಲ. ಟಿಕೆಟ್ಟನ್ನು ಫೆಬ್ರವರಿಗೆ ಬದಲಾಯಿಸಿಕೊಂಡಳು. ಹೊರಡುವ ಮುಂಚೆ ಎರಡು ದಿನ ಊರಿಗೆ ಬಂದಾಗ ಗಂಟು ಕಟ್ಟುವ ಕೆಲಸ ನನ್ನ ಪಾಲಿಗೇ ಬಂತು.

ಹಲಗೆ ಒಂದೂವರೆ ಮೀಟರಿನಷ್ಟು ಉದ್ದ. ಸುತ್ತ ಉಕ್ಕಿನ ಅಂಚು, ಕೈ ಕೊಯ್ಯುವಷ್ಟು ಚೂಪು. ಮೇಲೆ ಕಾಲು ಕಟ್ಟಿಕೊಳ್ಳುವ ಎರಡು ಪಟ್ಟಿಗಳು, ಅದಕ್ಕೆ ಬೈಂಡಿಂಗ್ ಅಂತಾರೆ. ಇವನ್ನು ಸ್ಕ್ರೂ ಬಿಚ್ಚಿ ತೆಗೆದುಬಿಡಬೇಕು. ಸ್ಕ್ರೂಗಳನ್ನು ಒಂದು ಚಿಕ್ಕ ಡಬ್ಬಿಗೆ ಹಾಕಿ ಆ ಚೀಲದಲ್ಲೇ ಇಡಿ. ಸ್ಕ್ರೂಡ್ರೈವರ್ ಕೂಡ ಅಲ್ಲೇ ಇರಲಿ, ಕೈಚೀಲಕ್ಕೆ ಬೇಡ. ಅಂಚಿಗೆ ಹಳೆ ಟವೆಲ್ ಸುತ್ತಿ, ಎರಡು ತುದಿಗೂ ದಪ್ಪ ಸ್ವೆಟರ್ ಇಟ್ಟೆ. ಏಟು ಮೊದಲು ಬೀಳೋದು ತುದಿಗೇ. ಬೂಟಿನೊಳಗೆ ಕಾಲುಚೀಲ, ಹೆಲ್ಮೆಟ್ಟಿನೊಳಗೆ ಕನ್ನಡಕ. ಒಂದು ಇಂಚು ಜಾಗವೂ ಖಾಲಿ ಬಿಡಲಿಲ್ಲ, ನಮಗೆ ಡಬ್ಬಿ ತುಂಬೋದು ಹೇಳಿಕೊಡಬೇಕೇ?

ತೂಕದ ವಿಷಯ ನೋಡಿ. ನಮ್ಮ ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಹೆಚ್ಚಾಗಿ 15 ಕಿಲೋ ಲಗೇಜು. ಮೀರಿದರೆ ಕಿಲೋ ಲೆಕ್ಕದಲ್ಲಿ ಹಣ. ರದ್ದಿ ಪೇಪರಿನವನ ಕೊಕ್ಕೆ ತಕ್ಕಡಿ ಇಸಕೊಂಡು ಮನೆಯಲ್ಲೇ ತೂಗಿದೆವು. 18 ಬಂತು! ದಪ್ಪ ಜಾಕೆಟ್ ಮೈಮೇಲೆ ಹಾಕಿಕೊಳ್ಳಲು ಹೇಳಿ, ಬೂಟುಗಳನ್ನು ಕೈಚೀಲಕ್ಕೆ ಸಾಗಿಸಿದೆ. ಪವರ್ ಬ್ಯಾಂಕು, ಬಿಸಿ ಮಾಡುವ ಕೈಗವಸಿನ ಬಿಡಿ ಬ್ಯಾಟರಿ, ಇವು ಯಾವಾಗಲೂ ಕೈಚೀಲದಲ್ಲೇ ಇರಬೇಕು. ಉದ್ದದ ಸಾಮಾನು ಇದೆ ಅಂತ ಟಿಕೆಟ್ ಮಾಡಿಸುವಾಗಲೇ ಕಂಪನಿಗೆ ತಿಳಿಸಿದ್ದಳು. ಮಕ್ಕಳು ಹೊರದೇಶದಲ್ಲಿದ್ದರೆ ಇನ್ನೊಂದು ಕೇಳಿ: ಹಲಗೆಯ ಚೀಲ, ಬೂಟಿನ ಚೀಲ ಎರಡನ್ನೂ ಸೇರಿಸಿ ಒಂದೇ ಲಗೇಜು ಅಂತ ಎಣಿಸುವ ಕಂಪನಿಗಳಿವೆ. ಎಲ್ಲರೂ ಹಾಗಲ್ಲ, ಕೇಳಿಯೇ ಕಟ್ಟಬೇಕು.

ನಾನು ಒಂದು ತಪ್ಪು ಮಾಡಿದೆ. ತಿಪಟೂರಿನವಳಲ್ಲವೇ, ಅವಳಿಗೆ ಗೊತ್ತಾಗದ ಹಾಗೆ ಟವೆಲ್ಲಿನ ಮಡಿಕೆಯಲ್ಲಿ ನಾಲ್ಕು ಕೊಬ್ಬರಿ ಗಿಟುಕು ಇಟ್ಟೆ. ಬೆಂಗಳೂರು ನಿಲ್ದಾಣದಲ್ಲಿ ಅವಳನ್ನು ಕರೆಸಿ ಚೀಲ ಬಿಚ್ಚಿಸಿದರಂತೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಅದಕ್ಕೇ ವಿಮಾನಕ್ಕೆ ಬಿಡೋದಿಲ್ಲ. "ಅಮ್ಮಾ, ನಿನ್ನ ಕೊಬ್ಬರಿಯಿಂದ ನನ್ನ ಮಾನ ಹೋಯ್ತು" ಅಂತ ಫೋನು. ಚಟ್ನಿಪುಡಿ ಮಾತ್ರ ಪಾರಾಯಿತು.

ಶ್ರೀನಗರದಲ್ಲಿ ಇಳಿದ ಮೇಲೆ ಇನ್ನೊಂದು ಫೋನು, ಅಳು. ಲಗೇಜಿನ ಪಟ್ಟಿ ಸುತ್ತಿ ಸುತ್ತಿ ನಿಂತಿತು, ಹಲಗೆ ಬರಲಿಲ್ಲ. ನನಗೆ ಕೈಕಾಲೇ ಆಡಲಿಲ್ಲ. ನಮ್ಮವರು ಫೋನು ಕಿತ್ತುಕೊಂಡು, "ಅಳಬೇಡ ಕಣೇ, ಅಲ್ಲಿ ಕೆಲಸದವರನ್ನು ಕೇಳು" ಅಂದರು. ಉದ್ದದ ಸಾಮಾನನ್ನು ಪಟ್ಟಿಯ ಮೇಲೆ ಬಿಡದೆ ಪಕ್ಕದ ಬಾಗಿಲಲ್ಲಿ ತಂದು ಇಟ್ಟಿದ್ದರು! ಅಲ್ಲೇ ಗೋಡೆಗೆ ಒರಗಿತ್ತಂತೆ.

ನಿಜವಾದ ನಷ್ಟ ಆಗಿದ್ದು ವಾಪಸು ಬರುವಾಗ. ಶ್ರೀನಗರದ ನಿಲ್ದಾಣದಲ್ಲಿ ತಪಾಸಣೆ ಹೆಚ್ಚು, ಕಟ್ಟಡ ಮುಟ್ಟುವ ಮುಂಚೆಯೇ ಸಾಮಾನು ಇಳಿಸಿ ನೋಡುತ್ತಾರೆ. ತಡವಾಗುತ್ತೆ ಅಂತ ಅವಸರದಲ್ಲಿ ಬೈಂಡಿಂಗ್ ಬಿಚ್ಚದೆ, ಅದರ ಹಿಂಬದಿಯ ಒರಗುಪಟ್ಟಿಯನ್ನೂ ಮಡಚದೆ ಚೀಲಕ್ಕೆ ತುರುಕಿದ್ದಾಳೆ. ರಾತ್ರಿ ರೂಮಿಗೆ ಬಂದು ತೆಗೆದರೆ ಅದು ಮುರಿದು ಎರಡು ತುಂಡು. ಮಾರನೆಯ ದಿನ ಕಂಪನಿಗೆ ಫೋನು ಮಾಡಿದರೆ, "ನಿಲ್ದಾಣದಲ್ಲೇ ಹೇಳಬೇಕಿತ್ತು, ಈಗ ಆಗೋದಿಲ್ಲ" ಅಂದರು. ಚೀಲ ಒಪ್ಪಿಸುವಾಗ, ಒಡೆದರೆ ಜವಾಬ್ದಾರಿ ನಮ್ಮದಲ್ಲ ಅನ್ನುವ ಚೀಟಿಗೆ ಓದದೇ ಸಹಿ ಹಾಕಿದ್ದಳು ಬೇರೆ. ಒಂಬತ್ತು ಸಾವಿರ ರೂಪಾಯಿ, ಅಂದರೆ ಅವಳ ಮೂರು ತಿಂಗಳ ಉಳಿತಾಯ ಹೋಯಿತು. ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಆದ್ದರಿಂದ ಸಾಮಾನು ಕೈಗೆ ಬಂದ ಕೂಡಲೇ ಅಲ್ಲೇ ನೆಲದ ಮೇಲೆ ಬಿಚ್ಚಿ ನೋಡಲಿ, ನಾಚಿಕೆ ಬೇಡ. ಒಡೆದಿದ್ದರೆ ಹೊರಗೆ ಕಾಲಿಡುವ ಮುಂಚೆ ಕೌಂಟರಿನಲ್ಲಿ ಬರಹದಲ್ಲಿ ದೂರು ಕೊಟ್ಟು ಪ್ರತಿ ಇಸಕೊಳ್ಳಲಿ. ಕಟ್ಟುವಾಗಲೇ ಫೋಟೋ ತೆಗೆದಿದ್ದರೆ ಸಾಕ್ಷಿಗೆ ಬರುತ್ತೆ. ಹೊರದೇಶದ ವಿಮಾನವಾದರೆ ಹಾಳಾದ ಸಾಮಾನಿಗೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಬರೆದು ಕೊಡಬೇಕು ಅಂತ ಕಾಯಿದೆಯೇ ಇದೆ.

ಹಲಗೆಯನ್ನು ಆಮೇಲೆ ಊರಿಗೆ ತಂದು ಹಾಕಿದಳು. ಒದ್ದೆ ಚೀಲದಲ್ಲೇ ಇದ್ದು ಉಕ್ಕಿನ ಅಂಚಿಗೆ ತುಕ್ಕು ಹಿಡಿದಿತ್ತು. ಉಜ್ಜಿ, ಒರೆಸಿ, ನೆರಳಲ್ಲಿ ಒಣಗಿಸಿದೆ. ಈಗ ಅಕ್ಕಿ ಡ್ರಮ್ಮಿನ ಹಿಂದೆ ನಿಂತಿದೆ. ಅದರ ಸ್ಕ್ರೂಗಳು ನನ್ನ ಹಳೆಯ ಕುಂಕುಮದ ಭರಣಿಯಲ್ಲಿವೆ.