ಹದಿನಾರರ ಮತ ಪಂಚಾಯಿತಿಯಿಂದ ಶುರುವಾಗಲಿ

ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳ ಕಾಲ ಶುರುವಾಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳೂ ಇದಕ್ಕೆ ಹೊರತಲ್ಲ. ಶಾಲೆಯ ಕೊಠಡಿಯಲ್ಲೋ ಪಂಚಾಯಿತಿ ಸಭಾಂಗಣದಲ್ಲೋ ಅಧ್ಯಕ್ಷರು, ಪಿಡಿಒ, ಆರೋಗ್ಯ ಇಲಾಖೆಯವರು, ಅಂಗನವಾಡಿ ಕಾರ್ಯಕರ್ತೆಯರು ಮುಂದೆ ಕೂರುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಕೇಳುತ್ತಾರೆ: ಶೌಚಾಲಯಕ್ಕೆ ನೀರು ಯಾವಾಗ, ಹಳ್ಳಕ್ಕೆ ಕಾಲುಸಂಕ ಯಾವಾಗ, ಶಾಲೆಯ ದಾರಿಯಲ್ಲಿ ಮದ್ಯ ಮಾರುವ ಅಂಗಡಿಯನ್ನು ಮುಚ್ಚಿಸುವವರು ಯಾರು. ಉತ್ತರ ಬರುತ್ತದೆ, ಚಪ್ಪಾಳೆ ಬೀಳುತ್ತದೆ, ಪ್ರಶ್ನೆಗಳು ನಡಾವಳಿ ಪುಸ್ತಕ ಸೇರುತ್ತವೆ. ಮುಂದಿನ ವರ್ಷ ಅದೇ ಕಾಲುಸಂಕದ ಪ್ರಶ್ನೆಯನ್ನು ಇನ್ನೊಂದು ತರಗತಿಯ ಹುಡುಗಿ ಕೇಳಬೇಕಾಗಿ ಬಂದರೆ ಯಾರಿಗೂ ಆಶ್ಚರ್ಯವಿಲ್ಲ. ಸಭೆಯಲ್ಲಿ ಮಾತಾಡುವ ಹಕ್ಕು ಆಕೆಗಿದೆ, ಮಾತು ನಡೆಸಿಕೊಡದವರನ್ನು ಬದಲಿಸುವ ಹಕ್ಕು ಇಲ್ಲ. ಹದಿನಾರು ತುಂಬಿದವರಿಗೆ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತ ಕೊಡಬೇಕು ಎಂಬುದು ಈ ಅಂಕಣದ ವಾದ. ಲೋಕಸಭೆ, ವಿಧಾನಸಭೆಯ ಮಾತು ಆಮೇಲೆ.

ಮತದಾನದ ವಯಸ್ಸು ಎಂದೊಡನೆ ದೆಹಲಿ ನೆನಪಾಗುವುದು ಸಹಜ. ಸಂವಿಧಾನದ 326ನೇ ವಿಧಿ ಲೋಕಸಭೆ ಮತ್ತು ವಿಧಾನಸಭೆಗಳಿಗೆ ಹದಿನೆಂಟು ಎಂದು ಗೊತ್ತುಮಾಡಿದೆ, ಅದನ್ನು ಬದಲಿಸಲು ಸಂವಿಧಾನ ತಿದ್ದುಪಡಿಯೇ ಬೇಕು. ಪಂಚಾಯಿತಿಯ ವಿಷಯ ಬೇರೆ. 73ನೇ ತಿದ್ದುಪಡಿಯಿಂದ ಬಂದ 243ನೇ ವಿಧಿ ಮತ್ತು ಅದರ ಉಪವಿಧಿಗಳನ್ನು ಓದಿದರೆ, ಗ್ರಾಮಸಭೆ ಎಂದರೆ ಆ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವವರು ಎಂದಷ್ಟೇ ಇದೆ; ಸದಸ್ಯರಾಗಲು 21 ತುಂಬಿದ್ದರೆ ಸಾಕು ಎಂಬ ಮಾತಿದೆ; ಮತ ಹಾಕುವವರ ವಯಸ್ಸು ಎಲ್ಲಿಯೂ ಇಲ್ಲ. ಪಂಚಾಯಿತಿ ಚುನಾವಣೆಯ ವಿಚಾರದಲ್ಲಿ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನ ರಾಜ್ಯದ ಶಾಸನಸಭೆಗೇ ಬಿಟ್ಟಿದೆ. ಕರ್ನಾಟಕದಲ್ಲಿ ವಿಧಾನಸಭೆಯ ಮತಪಟ್ಟಿಯನ್ನೇ ಪಂಚಾಯಿತಿಗೂ ಬಳಸುವುದರಿಂದ ಹದಿನೆಂಟು ತಾನಾಗಿ ಬಂದು ಕೂತಿದೆ. ಅದು 1993ರ ಪಂಚಾಯತ್ ರಾಜ್ ಕಾಯ್ದೆಯ ಏರ್ಪಾಡು. ಅದನ್ನು ಬದಲಿಸುವುದಕ್ಕೆ ಬೆಂಗಳೂರು ಸಾಕು.

ಹೀಗೆ ಕೆಳಗಿನಿಂದ ಮೇಲಕ್ಕೆ ಹೋಗುವುದು ಹೊಸ ದಾರಿಯೂ ಅಲ್ಲ. 21 ಇದ್ದದ್ದನ್ನು 18ಕ್ಕೆ ಇಳಿಸಿದ 61ನೇ ತಿದ್ದುಪಡಿ 1989ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಆ ಮಸೂದೆಯ ಉದ್ದೇಶ ವಿವರಣೆಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದು, ಕೆಲವು ರಾಜ್ಯಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಅಷ್ಟರಲ್ಲೇ ಹದಿನೆಂಟನ್ನು ಒಪ್ಪಿಕೊಂಡಿದ್ದವು ಎಂಬುದು. ಅಂದರೆ ಊರ ಮಟ್ಟದಲ್ಲಿ ಮಾಡಿ ನೋಡಿದ್ದನ್ನು ದೇಶ ಆಮೇಲೆ ಒಪ್ಪಿತು. ಜರ್ಮನಿಯಲ್ಲಿಯೂ ಹದಿನಾರರ ಮತ ಮೊದಲು ಬಂದದ್ದು 1990ರ ದಶಕದಲ್ಲಿ, ಲೋವರ್ ಸ್ಯಾಕ್ಸನಿ ರಾಜ್ಯದ ಸ್ಥಳೀಯ ಚುನಾವಣೆಗೆ. 2024ರಲ್ಲಿ ಯುರೋಪಿಯನ್ ಸಂಸತ್ತಿಗೆ ಇಡೀ ಜರ್ಮನಿಯ ಹದಿನಾರು ವರ್ಷದವರು ಮತ ಹಾಕಿದರು.

ಬುದ್ಧಿ ಬಲಿಯದವರಿಗೆ ಮತ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಈ ಸೀಮೆ ಒಮ್ಮೆ ಕೇಳಿಸಿಕೊಂಡಿದೆ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾದಾಗ ಜಗಳದ ನಡುವೆ ಇದ್ದದ್ದು ಒಂದು ಕೊಳಗ. ಗೇಣಿಯ ಭತ್ತ ಅಳೆಯುವ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದಿರುತ್ತಿತ್ತು. ಒಂದೊಂದು ಕೊಳಗಕ್ಕೂ ಒಂದಷ್ಟು ಭತ್ತ ಲೆಕ್ಕವಿಲ್ಲದೆ ಒಡೆಯರ ಕಣಜಕ್ಕೆ ಹೋಗುತ್ತಿತ್ತು. ಅಳತೆ ಸರಿಯಾಗಿರಲಿ ಎಂದು ಕೇಳಿದ್ದಕ್ಕೆ ಉಳುವವರ ಮೇಲೆ ಸಿಟ್ಟು ಬಂತು, ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಅವರು ಗದ್ದೆಗಿಳಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಗೇಣಿದಾರರಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. 1951ರ ಜನಗಣತಿಯಲ್ಲಿ ಇಡೀ ದೇಶದ ಸಾಕ್ಷರತೆಯೇ ಶೇ 18ರಷ್ಟು. ಓದಲು ಬಾರದ ಇವರಿಗೆ ಮತ ಕೊಟ್ಟರೆ ಒಡೆಯ ಹೇಳಿದ ಕಡೆ ಹಾಕಿಬರುತ್ತಾರೆ ಎಂದು ಆಗ ಹೇಳುತ್ತಿದ್ದವರು ಕಡಿಮೆಯೇನಲ್ಲ. ಮೊದಲ ಮಹಾಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರ ಆರಿಸಿ ಕಳಿಸಿದ್ದು ಗೇಣಿದಾರರ ಪರ ನಿಂತ, ಇನ್ನೂ ಮೂವತ್ತು ತುಂಬದ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು. ಉಳುವವನಿಗೆ ಭೂಮಿ ಕೊಟ್ಟ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಮತ ಮೊದಲು ಬಂತು, ಭೂಮಿ ಆಮೇಲೆ, ಅಕ್ಷರ ಇನ್ನೂ ಆಮೇಲೆ. ಗೇಣಿದಾರರು ಮೊದಲು ಎಲ್ಲವನ್ನೂ ಕಲಿತು ಅರ್ಹರಾಗಿ ಬರಲಿ ಎಂದು ಈ ದೇಶ ಕಾದಿದ್ದರೆ ಅವರ ಮನೆಬಾಗಿಲಿಗೆ ಯಾವ ಅಭ್ಯರ್ಥಿಯೂ ಬರುತ್ತಿರಲಿಲ್ಲ.

ಇಂಥ ಚರ್ಚೆಯಲ್ಲಿ ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರಿನ ಮಾತನ್ನೂ ತೆಗೆಯುವವರಿದ್ದಾರೆ. 1942ರಲ್ಲಿ ಆ ಊರು ತನ್ನದೇ ಸರ್ಕಾರ ಘೋಷಿಸಿಕೊಂಡು ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿತು. ಹೆಮ್ಮೆ ಪಡಬೇಕಾದದ್ದೇ, ಆದರೆ ಅಂಥ ಕಾಲದ ಸಾಹಸವನ್ನು ಇಂದಿನ ಕಾನೂನಿಗೆ ಆಧಾರ ಮಾಡಿಕೊಳ್ಳಲು ನನಗೆ ಮನಸ್ಸಿಲ್ಲ. ನಮ್ಮ ಮಕ್ಕಳು ವೀರರಾಗಿರಬೇಕಿಲ್ಲ. ಊರಿನ ನೀರು, ದೀಪ, ದಾರಿ, ಗ್ರಂಥಾಲಯದ ಬಗ್ಗೆ ವಿವೇಚನೆ ಇದ್ದರೆ ಸಾಕು. ಅದು ಇದೆ ಎನ್ನುವುದಕ್ಕೆ ಘಟ್ಟದ ಕೆಳಗೇ ಪುರಾವೆ ಇದೆ. ಹೊಸನಗರದಿಂದ ಘಟ್ಟ ಇಳಿದರೆ ಸಿಗುವ ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1995ರಲ್ಲೇ ಮಕ್ಕಳ ಪಂಚಾಯಿತಿ ಹುಟ್ಟಿತು. ದುಡಿಯುವ ಮಕ್ಕಳ ಸಂಘಟನೆಯಾದ ಭೀಮಸಂಘ ಅದರ ಹಿಂದಿತ್ತು. ಮಕ್ಕಳೇ ಮತ ಹಾಕಿ ತಮ್ಮ ಸದಸ್ಯರನ್ನು ಆರಿಸಿಕೊಂಡರು, ಊರಿನ ಕೊರತೆಗಳನ್ನು ತಾವೇ ಸಮೀಕ್ಷೆ ಮಾಡಿ ದೊಡ್ಡವರ ಪಂಚಾಯಿತಿಯ ಮುಂದಿಟ್ಟರು. ರಾಜ್ಯದಾದ್ಯಂತ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರದ ಆದೇಶಕ್ಕೆ ಇಂಥ ಪ್ರಯೋಗಗಳೇ ಬುನಾದಿ. ಅಲ್ಲಿಗೆ ಬಂದ ನಾವು ಅಲ್ಲೇ ನಿಂತುಬಿಟ್ಟೆವು.

ಹದಿನೆಂಟಕ್ಕೆ ಬರುತ್ತದಲ್ಲ, ಎರಡು ವರ್ಷ ಕಾಯಲಿ ಎನ್ನುವವರು ಮಲೆನಾಡಿನ ಹುಡುಗ ಹುಡುಗಿಯರು ಹದಿನೆಂಟಕ್ಕೆ ಎಲ್ಲಿರುತ್ತಾರೆ ಎಂದು ಒಮ್ಮೆ ನೋಡಬೇಕು. ಪಿಯುಸಿ ಮುಗಿದದ್ದೇ ಶಿವಮೊಗ್ಗ, ಮಂಗಳೂರು, ಬೆಂಗಳೂರಿನ ಹಾಸ್ಟೆಲು, ಇಲ್ಲವೇ ಕೆಲಸ. ಊರನ್ನು ಚೆನ್ನಾಗಿ ಬಲ್ಲ ವಯಸ್ಸಿನಲ್ಲಿ ಮತವಿಲ್ಲ, ಮತ ಬಂದಾಗ ಊರಿನಲ್ಲಿಲ್ಲ. ಡೆನ್ಮಾರ್ಕ್‌ನಲ್ಲಿ ಮತ ಹಾಕಿದವರ ದಾಖಲೆಗಳನ್ನೇ ಇಟ್ಟುಕೊಂಡು ನಡೆಸಿದ ಅಧ್ಯಯನ ಇದೇ ಮಾತು ಹೇಳುತ್ತದೆ: ಹದಿನೆಂಟು ಆಗಷ್ಟೇ ತುಂಬಿದವರು ತಮಗಿಂತ ಒಂದೆರಡು ವರ್ಷ ದೊಡ್ಡವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮತ ಹಾಕುತ್ತಾರೆ, ಏಕೆಂದರೆ ಅವರಿನ್ನೂ ಅಪ್ಪ ಅಮ್ಮನ ಜೊತೆ ಇರುತ್ತಾರೆ. ಊರು ಬಿಟ್ಟ ಮೇಲೆ ಮೊದಲ ಮತ ತಪ್ಪುತ್ತದೆ, ತಪ್ಪಿದ್ದು ಅಭ್ಯಾಸವಾಗುತ್ತದೆ. ನಮ್ಮ ಚುನಾವಣಾ ಆಯೋಗ 2022ರಿಂದ ಹದಿನೇಳು ತುಂಬಿದವರೇ ಮುಂಗಡವಾಗಿ ಅರ್ಜಿ ಹಾಕಬಹುದು ಎಂದಿದೆ, ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಕೊಟ್ಟಿದೆ. ಆದರೂ 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದಲ್ಲಿ ನೋಂದಾಯಿತರಾಗಿದ್ದ 18–19ರ ಮತದಾರರು ಸುಮಾರು 1.8 ಕೋಟಿ; ಜನಸಂಖ್ಯೆಯ ಅಂದಾಜಿಗೆ ಹೋಲಿಸಿದರೆ ಆ ವಯಸ್ಸಿನವರಲ್ಲಿ ಅರ್ಧದಷ್ಟೂ ಅಲ್ಲ. ಇನ್ನೊಂದು ಲೆಕ್ಕವಿದೆ. ಐದು ವರ್ಷಕ್ಕೊಮ್ಮೆ ಬರುವ ಚುನಾವಣೆಯಲ್ಲಿ ಹದಿನೆಂಟು ಎಂಬುದು ಎಲ್ಲರಿಗೂ ಹದಿನೆಂಟಾಗಿರುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ಹದಿನೇಳೂವರೆ ವರ್ಷವಾಗಿದ್ದವಳು ತನ್ನ ಪಂಚಾಯಿತಿಗೆ ಮೊದಲ ಮತ ಹಾಕುವಷ್ಟರಲ್ಲಿ 22 ದಾಟಿರುತ್ತಾಳೆ.

ಹೊರಗಿನ ಅನುಭವ ಬಹುಮಟ್ಟಿಗೆ ಧೈರ್ಯ ಕೊಡುತ್ತದೆ. ಆಸ್ಟ್ರಿಯಾ 2007ರಲ್ಲಿ ಎಲ್ಲ ಚುನಾವಣೆಗಳಿಗೂ ಹದಿನಾರು ಮಾಡಿತು. ಹದಿನಾರು, ಹದಿನೇಳರವರ ಆಯ್ಕೆ ಅವರ ನಿಲುವುಗಳಿಗೆ ಹೊಂದುವ ವಿಷಯದಲ್ಲಿ ದೊಡ್ಡವರಿಗಿಂತ ಹಿಂದಿಲ್ಲ ಎಂದು ಅಲ್ಲಿನ ಸಂಶೋಧಕರು ಕಂಡುಕೊಂಡರು. 2014ರ ಸ್ಕಾಟ್ಲೆಂಡ್ ಜನಮತಗಣನೆಯ ನಂತರ ಅಲ್ಲಿನ ಚುನಾವಣಾ ಆಯೋಗ ನಡೆಸಿದ ಸಮೀಕ್ಷೆಯಲ್ಲಿ ಮತ ಹಾಕಿದೆವು ಎಂದ 16–17ರವರು ಶೇ 75, 18ರಿಂದ 24ರವರು ಶೇ 54. ನಾರ್ವೆಯ ಕಥೆ ಬೇರೆ. 2011ರ ಸ್ಥಳೀಯ ಚುನಾವಣೆಯಲ್ಲಿ ಕೆಲವು ಪುರಸಭೆಗಳಲ್ಲಿ ಪ್ರಯೋಗ ನಡೆಯಿತು, ಮತದಾನ ಚೆನ್ನಾಗಿಯೇ ಆಯಿತು. ಆದರೆ ಹದಿನಾರರವರ ರಾಜಕೀಯ ಪಕ್ವತೆ ಹಿರಿಯರಿಗಿಂತ ಕಡಿಮೆ ಎಂದು ಅಧ್ಯಯನ ಹೇಳಿತು, ದೇಶ ಆ ಪ್ರಯೋಗವನ್ನು ಕಾಯಂ ಮಾಡಲಿಲ್ಲ. ಇದನ್ನು ಮುಚ್ಚಿಟ್ಟು ವಾದ ಮಾಡಬಾರದು. ಆಸ್ಟ್ರಿಯಾ ಕಾನೂನಿನ ಜೊತೆಗೆ ಶಾಲೆಗಳಲ್ಲಿ ಪೌರಶಿಕ್ಷಣಕ್ಕೂ ಕೈಹಾಕಿತು. ಮತ ಕೊಟ್ಟು ಸುಮ್ಮನೆ ಕೂತರೆ ನಡೆಯುವುದಿಲ್ಲ ಎಂಬುದು ನಾರ್ವೆಯಿಂದ ನಾನು ತೆಗೆದುಕೊಳ್ಳುವ ಪಾಠ. ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿದೆ. ಒಂದು ಮತಪೆಟ್ಟಿಗೆಯನ್ನೂ ಹತ್ತಿರದಿಂದ ನೋಡದೆ ಹದಿನೆಂಟು ದಾಟುವ ತಲೆಮಾರನ್ನು ಬೆಳೆಸಿ, ಆಮೇಲೆ ಅವರಿಗೆ ರಾಜಕೀಯ ಗೊತ್ತಿಲ್ಲ ಎಂದು ದೂರುವುದು ನ್ಯಾಯವಲ್ಲ.

ಅಪ್ಪ ಹೇಳಿದವರಿಗೆ, ಮೇಷ್ಟ್ರು ಹೇಳಿದವರಿಗೆ, ಜಾತಿಯವರಿಗೆ ಹಾಕುತ್ತಾರೆ; ಹಣ, ಹೆಂಡ ಮಕ್ಕಳವರೆಗೂ ಬರುತ್ತದೆ ಎಂಬ ಆತಂಕ ನಿಜವಾದದ್ದು. ಹೆಂಗಸರಿಗೆ ಮತ ಕೊಟ್ಟಾಗ ಗಂಡ ಹೇಳಿದ ಕಡೆ ಹಾಕುತ್ತಾರೆ ಎಂದೂ ಹೀಗೇ ಹೇಳಿದ್ದರು. ಗುಪ್ತ ಮತದಾನ ಇರುವುದೇ ಈ ಒತ್ತಡಗಳಿಂದ ಕಾಪಾಡಲು. ಹಣ ಹಂಚುವವರನ್ನು ಹಿಡಿಯಲಾಗದ ವ್ಯವಸ್ಥೆ ಅದರ ಶಿಕ್ಷೆಯನ್ನು ಹಣ ಮುಟ್ಟದ ಮಕ್ಕಳಿಗೆ ಕೊಡಬಾರದು. ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯಿಲ್ಲ, ನಿಲ್ಲುವವರು ಪರಿಚಿತರು. ಅಭ್ಯರ್ಥಿ ಮಳೆಗಾಲದಲ್ಲಿ ದಾರಿ ಕಡಿದಾಗ ಬಂದರೋ ಇಲ್ಲವೋ ಎಂದು ತಿಳಿಯಲು ಟಿ.ವಿ. ಚರ್ಚೆ ನೋಡಬೇಕಿಲ್ಲ. ಇಷ್ಟಕ್ಕೂ ಕಾನೂನು ಹದಿನಾರನ್ನು ಬೇರೆ ಕಡೆ ದೊಡ್ಡ ವಯಸ್ಸೆಂದೇ ನೋಡುತ್ತಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಘೋರ ಅಪರಾಧದ ಆರೋಪ ಬಂದರೆ ಹದಿನಾರು ದಾಟಿದವರನ್ನು, ಪ್ರಾಥಮಿಕ ಪರಿಶೀಲನೆಯ ನಂತರ, ವಯಸ್ಕರಂತೆ ವಿಚಾರಣೆಗೆ ಒಳಪಡಿಸಬಹುದು. ಹದಿನಾಲ್ಕು ದಾಟಿದವರು ಅಪಾಯಕಾರಿಯಲ್ಲದ ಕೆಲಸಗಳಲ್ಲಿ ದುಡಿಯಬಹುದು. ಜೈಲಿನ ಲೆಕ್ಕಕ್ಕೆ, ಕೂಲಿಯ ಲೆಕ್ಕಕ್ಕೆ ಬಲಿತವರು ಊರಿನ ನಲ್ಲಿ ನೀರಿನ ಲೆಕ್ಕಕ್ಕೆ ಎಳೆಯರಾಗುವುದು ಹೇಗೆ?

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಆಕ್ಷೇಪ ಮಕ್ಕಳ ಹಕ್ಕುಗಳ ಪರ ಇರುವವರದೇ. ಹದಿನಾರಕ್ಕೆ ಮತ ಎಂದರೆ ನಾಳೆ ಹದಿನಾರಕ್ಕೆ ಮದುವೆ ಎನ್ನುವವರಿಗೆ ಬಾಗಿಲು ತೆರೆದಂತಾಗುವುದಿಲ್ಲವೇ, ಹದಿನೆಂಟರವರೆಗೆ ಮಕ್ಕಳು ಎಂದು ಕಷ್ಟಪಟ್ಟು ಕಟ್ಟಿದ ರಕ್ಷಣೆ ಸಡಿಲವಾಗುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಬಾಲ್ಯವಿವಾಹ ಇನ್ನೂ ಇರುವ ರಾಜ್ಯದಲ್ಲಿ ಈ ಭಯವನ್ನು ತಳ್ಳಿಹಾಕಲಾಗದು. ಆದರೆ ಸಂವಿಧಾನ ಒಂದೊಂದು ಕೆಲಸಕ್ಕೆ ಒಂದೊಂದು ವಯಸ್ಸು ಇಟ್ಟಿದೆ: ಪಂಚಾಯಿತಿ ಸದಸ್ಯರಿಗೆ 21, ಶಾಸಕರಿಗೆ 25, ರಾಜ್ಯಸಭೆಗೆ 30, ರಾಷ್ಟ್ರಪತಿಗೆ 35. ಒಂದನ್ನು ಇಳಿಸಿದರೆ ಇನ್ನೊಂದು ಕುಸಿಯುವುದಿಲ್ಲ. ಬಾಲ್ಯವಿವಾಹ, ಅಪಾಯಕಾರಿ ದುಡಿಮೆ, ಶೋಷಣೆಯ ವಿರುದ್ಧದ ಕಾನೂನುಗಳಲ್ಲಿ ಹದಿನೆಂಟು ಒಂದಿಷ್ಟೂ ಅಲುಗಬಾರದು, ಮಸೂದೆಯಲ್ಲೇ ಹಾಗೆಂದು ಬರೆಯಲಿ. ಮತವಿರುವ ಹುಡುಗಿಯ ದೂರನ್ನು ವಾರ್ಡಿನ ಸದಸ್ಯರು ಕೇಳುವ ರೀತಿಯೂ ಬದಲಾದೀತು. ಹದಿನಾರಾದರೆ ಹದಿನಾಲ್ಕು ಯಾಕಲ್ಲ ಎನ್ನುವವರಿಗೆ ಉತ್ತರ ಸರಳ. ಎಸ್ಸೆಸ್ಸೆಲ್ಸಿ ಮುಗಿದು, ಸಮಾಜ ವಿಜ್ಞಾನದಲ್ಲಿ ಸ್ಥಳೀಯ ಸರ್ಕಾರದ ಪಾಠ ಓದಿ, ಜನ್ಮದಿನಾಂಕದ ಅಂಕಪಟ್ಟಿ ಕೈಗೆ ಬರುವ ವಯಸ್ಸು ಅದು.

ಮತ ಇದ್ದ ಮಾತ್ರಕ್ಕೆ ಎಲ್ಲ ಆಗುತ್ತದೆಯೇ ಎಂದರೆ ಇಲ್ಲ. 1960ರ ದಶಕದಲ್ಲಿ ಲಿಂಗನಮಕ್ಕಿ ಹಿನ್ನೀರು ಆವರಿಸಿ ತುಮರಿ, ಕರೂರು ಭಾಗ ದ್ವೀಪದಂತಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಸಾಗರಕ್ಕೆ ಓದಲು ಬರುವವರ ದಿನಚರಿಯನ್ನು ಲಾಂಚಿನ ವೇಳೆ ನಿರ್ಧರಿಸುತ್ತಿತ್ತು. ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಮನೆಯಿಲ್ಲ. ಮತವಿದ್ದ ದೊಡ್ಡವರೇ ಇಷ್ಟು ಕಾಯಬೇಕಾಯಿತು ಎಂಬುದು ಮತದ ಮಿತಿಯನ್ನು ತೋರಿಸುತ್ತದೆ, ಮತವೇ ಇಲ್ಲದವರು ಸರದಿಯಲ್ಲಿ ಎಲ್ಲಿರುತ್ತಾರೆ ಎಂಬುದನ್ನೂ ತೋರಿಸುತ್ತದೆ.

ಕೆಲಸ ದೊಡ್ಡದಲ್ಲ. ವಿಧಾನಸಭೆಯ ಪಟ್ಟಿಯ ಜೊತೆಗೆ ಪಂಚಾಯಿತಿಗೆಂದೇ 16–17ರವರ ಪೂರಕ ಪಟ್ಟಿ ಮಾಡಬಹುದು. ಮತಗಟ್ಟೆ ಮಟ್ಟದ ಅಧಿಕಾರಿಗಳಾಗಿ ಕೆಲಸ ಮಾಡುವ ಅಂಗನವಾಡಿ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ ಪ್ರತಿ ಮನೆಯೂ ಗೊತ್ತು. 2008ರಲ್ಲಿ ಹೊಸನಗರ ಕ್ಷೇತ್ರ ಹೋಗಿ ಅದರ ಊರುಗಳು ಸಾಗರ, ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋದ ಮೇಲೆ ಈ ಮೂರು ತಾಲ್ಲೂಕುಗಳ ಹೆಚ್ಚಿನ ಊರುಗಳಿಗೆ ವಿಧಾನಸಭೆಯಲ್ಲಿ ಇರುವುದು ಇಬ್ಬರು ಶಾಸಕರು. ಪಕ್ಷ ಯಾವುದೇ ಇರಲಿ, ಪಂಚಾಯತ್ ರಾಜ್ ಕಾಯ್ದೆಗೆ ಈ ಒಂದು ತಿದ್ದುಪಡಿಯನ್ನು ಖಾಸಗಿ ಮಸೂದೆಯಾಗಿಯಾದರೂ ಅವರಿಬ್ಬರೂ ಕೂಡಿ ಮಂಡಿಸಲಿ. ಅದಕ್ಕೆ ಮೊದಲು ಇಲ್ಲಿನ ಗ್ರಾಮಸಭೆಗಳು ಇದನ್ನು ಕೇಳಿ ನಿರ್ಣಯ ಮಾಡಿ ಕಳಿಸಲಿ. ಮತವಿರುವ ನಾವು ಕೇಳದಿದ್ದರೆ ಅವರ ಪರವಾಗಿ ಕೇಳುವವರು ಬೇರೆ ಯಾರೂ ಇಲ್ಲ.