ಬ್ಯಾಕ್‌ವರ್ಡ್ ಅಂದ್ರ ಯಾರು?

 

ಹಿಂದಿನ ತಿಂಗಳು ನಾವು ಭಾಷಣ ಸ್ಪರ್ಧೆಗೆ ಬೇರೆ ಊರಿಗೆ ಹೋಗಿದ್ದೆವು. ವೇದಿಕೆ ಮ್ಯಾಲಿದ್ದ ಒಬ್ಬರು, "ಪಾಪ, ಬ್ಯಾಕ್‌ವರ್ಡ್ ಮಕ್ಕಳು, ಸ್ವಲ್ಪ ನೋಡಿ ಮಾರ್ಕ್ಸ್ ಹಾಕ್ರಿ" ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದಿರಬೇಕು. ಆದರೆ ನಮ್ಮ ಜೊತೆ ಬಂದಿದ್ದ ಒಬ್ಬ ಹುಡುಗ ಊರು ಮುಟ್ಟುವ ತನಕ ಮಾತಾಡಲಿಲ್ಲ. ಈಗ ಉತ್ತರ ಗೊತ್ತಿದ್ದರೂ ಕ್ಲಾಸಿನಾಗ ಕೈ ಎತ್ತುವುದಿಲ್ಲ. ಅದಕ್ಕ ಈ ಒಂದು ಶಬ್ದದ ಬಗ್ಗೆ ಬರೀಬೇಕು ಅನಿಸಿತು.

ಬ್ಯಾಕ್‌ವರ್ಡ್ ಎಂಬುದು ಇಂಗ್ಲೀಷಿನಲ್ಲಿ ಅಡ್ಜೆಕ್ಟಿವ್, ಅಂದರೆ ಗುಣವಾಚಕ. ಅದರ ಮುಂದೆ ಬರುವ ನಾಮಪದ ನೋಡಿ ಅರ್ಥ ಮಾಡಬೇಕು. 'ಬ್ಯಾಕ್‌ವರ್ಡ್ ಲುಕ್' ಅಂದರೆ ಹಿಂದಕ್ಕೆ ತಿರುಗಿ ನೋಡುವ ನೋಟ. ಕ್ರಿಕೆಟಿನಾಗ 'ಬ್ಯಾಕ್‌ವರ್ಡ್ ಪಾಯಿಂಟ್' ಅಂದರೆ ಪಾಯಿಂಟ್‌ಗಿಂತ ಸ್ವಲ್ಪ ಹಿಂದಿನ ಜಾಗ. 1992ರ ವಿಶ್ವಕಪ್‌ನಲ್ಲಿ ಜಾಂಟಿ ರೋಡ್ಸ್ ಅಲ್ಲಿಂದಲೇ ಓಡಿ ಬಂದು, ಹಾರಿ ವಿಕೆಟ್ ಕೆಡವಿ ಇಂಜಮಾಮ್‌ನನ್ನು ರನೌಟ್ ಮಾಡಿದ. ಅವನಿಗೆ ಯಾರಾದರೂ ದಡ್ಡ ಅಂದರೇನು? 'ಬ್ಯಾಕ್‌ವರ್ಡ್ ಏರಿಯಾ' ಅಂದರೆ ಸೌಲಭ್ಯ ಸಾಲದ ಪ್ರದೇಶ. 'ಬ್ಯಾಕ್‌ವರ್ಡ್ ಕ್ಲಾಸಸ್' ಕಾನೂನಿನ ಶಬ್ದ, ಹಿಂದುಳಿದ ವರ್ಗಗಳು. ಹಳೇ ಪುಸ್ತಕಗಳಲ್ಲಿ ನಿಧಾನ ಕಲಿಯುವ ಮಗುವಿಗೂ ಈ ಶಬ್ದ ಹಚ್ಚುತ್ತಿದ್ದರು. ಈಗ ಹಾಗೆ ಅನ್ನುವುದು ಮರ್ಯಾದೆ ಅಲ್ಲ. ಒಂದು ಮಾತು ನೆನಪಿಡಿ: ಹಿಂದಕ್ಕೆ ನಡೆದ ಎನ್ನುವಾಗ 'ಬ್ಯಾಕ್‌ವರ್ಡ್ಸ್' ಅನ್ನಬಹುದು, ಗುಣವಾಚಕಕ್ಕೆ ಮಾತ್ರ ಕೊನೆಯ 'ಸ್' ಹಚ್ಚಬಾರದು.

ಇನ್ನು ಡಿಗ್ರಿ ನೋಡೋಣ. ಬಿಗ್, ಬಿಗ್ಗರ್, ಬಿಗ್ಗೆಸ್ಟ್ ಇದ್ದಂಗ ಬ್ಯಾಕ್‌ವರ್ಡ್, ಮೋರ್ ಬ್ಯಾಕ್‌ವರ್ಡ್, ಮೋಸ್ಟ್ ಬ್ಯಾಕ್‌ವರ್ಡ್. ಇದಕ್ಕ ಉದಾಹರಣೆ ಹುಡುಕಲಿಕ್ಕೆ ದೂರ ಹೋಗಬೇಕಾಗಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಆಗಿನ 175 ತಾಲೂಕುಗಳನ್ನು ಅಳೆದು 114 ಹಿಂದುಳಿದಿವೆ ಅಂತ ವರದಿ ಕೊಟ್ಟಿತು. ಅದರಲ್ಲಿ 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವೇ.

ಆದರೆ ಸಮಿತಿಯವರು ಅಳೆದದ್ದು ಏನು? ಕೃಷಿ, ಕೈಗಾರಿಕೆ, ಆಸ್ಪತ್ರೆ, ಶಾಲೆ ಇಂಥವನ್ನು. ನಮ್ಮ ತಲೆಯನ್ನಲ್ಲ. ಆ ಡಿಗ್ರಿ ತಾಲೂಕಿಂದು, ಹುಡುಗಂದಲ್ಲ.

ಕನ್ನಡದ 'ಹಿಂದುಳಿದ' ಅನ್ನುವುದರಲ್ಲಿ 'ಉಳಿ' ಎಂಬ ಕ್ರಿಯಾಪದ ಅದ. ಉಳಿದರು ಅಂದಮೇಲೆ ಯಾಕ ಉಳಿದರು ಅಂತ ಕೇಳಬೇಕಾಗ್ತದ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ಭಾಗ ನಿಜಾಮರ ಕೈಯಿಂದ ಬಿಡುಗಡೆ ಆದದ್ದು 1948ರ ಸೆಪ್ಟೆಂಬರ್ 17ಕ್ಕೆ. ಕನ್ನಡ ನಾಡು ಸೇರಿದ್ದು 1956ರ ನವೆಂಬರ್ 1ಕ್ಕೆ. ಓಟ ತಡವಾಗಿ ಶುರು ಮಾಡಿದವನು ಹಿಂದಿದ್ದಾನೆ ಅಂದರೆ ಅವನ ಕಾಲು ಸೊಟ್ಟ ಅಂತಲ್ಲ.

"ಈ ಶಬ್ದ ಬ್ಯಾಡ ಅಂದ್ರ ಮೀಸಲಾತಿನೂ ಹೋಗ್ತದಲ್ಲ?" ಅಂತ ಒಬ್ಬ ಗೆಳೆಯ ಕೇಳಿದ. ಪ್ರಶ್ನೆ ಖರೆ ಅದ. 2012ರಲ್ಲಿ ಸಂಸತ್ತು 98ನೇ ತಿದ್ದುಪಡಿ ಒಪ್ಪಿದ್ದರಿಂದ ಸಂವಿಧಾನದಲ್ಲಿ 371(ಜೆ) ಬಂತು. ಅದರಿಂದ ನಮ್ಮ ಭಾಗದವರಿಗೆ ಕಾಲೇಜಿನಲ್ಲಿ, ನೌಕರಿಯಲ್ಲಿ ಪಾಲು ಸಿಗ್ತದ. ಅದು ನಮ್ಮ ಹಕ್ಕು, ಬಿಡಬಾರದು. ಪ್ರದೇಶ ಹಿಂದುಳಿದದ ಅಂತ ಗಟ್ಟಿಯಾಗಿ ಹೇಳಿ ಪಾಲು ಕೇಳೋಣ. ಆದರೆ ನಾನು ಬ್ಯಾಕ್‌ವರ್ಡ್ ಅಂತ ತಲೆ ತಗ್ಗಿಸುವುದು ಬ್ಯಾಡ. ಎರಡೂ ಬೇರೆ ಬೇರೆ. 2019ರಲ್ಲಿ ಹೈದ್ರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ನಾಮಪದ ಬದಲಾಯಿತು, ಗುಣವಾಚಕ ಇನ್ನೂ ಬೆನ್ನು ಬಿಟ್ಟಿಲ್ಲ.

ಗೆಳೆಯರಲ್ಲಿ ನನ್ನ ವಿನಂತಿ: ಆಟದಾಗ, ಜಗಳದಾಗ "ಏ ಬ್ಯಾಕ್‌ವರ್ಡ್" ಅಂತ ಕರೀಬ್ಯಾಡ್ರಿ. ಗುರುಗಳಲ್ಲಿ ವಿನಂತಿ: ನಮಗೆ ಯಾವ ಪಾಠ ಬರುವುದಿಲ್ಲವೋ ಅದರ ಹೆಸರು ಹೇಳಿ ಬೈಯಿರಿ, ಕಲಿತೇವೆ. ಬ್ಯಾಕ್‌ವರ್ಡ್ ಅಂದರೆ ಏನು ಕಲಿಯಬೇಕೋ ತಿಳಿಯುವುದಿಲ್ಲ.

ಆ ಹುಡುಗ ಇದನ್ನು ಓದುತ್ತಿದ್ದರೆ, ನಾಳೆ ಕೈ ಎತ್ತಪ್ಪ. ಉತ್ತರ ತಪ್ಪಾದರೂ ಚಿಂತಿ ಇಲ್ಲ.

ತಪ್ಪು ಬರೆದಿದ್ದರೆ ದೊಡ್ಡವರು ತಿದ್ದಬೇಕು.

— 10ನೇ ತರಗತಿ ವಿದ್ಯಾರ್ಥಿನಿ, ಹಳ್ಳಿಖೇಡ (ಬಿ)