ನಗುವವರು ಹುಡುಗರು, ಲೆಕ್ಕ ಕೊಡುವವರು ಹುಡುಗಿಯರು

ಇತ್ತೀಚೆಗೆ ಕುಂದಗೋಳ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋಗಿದ್ದೆವು. ಅಲ್ಲಿ ಸೇವೆಯಲ್ಲಿರುವ ಧರ್ಮಭಗಿನಿಯರು ಪಿಯುಸಿ ಓದುವ ಹತ್ತು ಹನ್ನೆರಡು ಹುಡುಗರನ್ನು ಸಂಜೆ ಒಂದೆಡೆ ಸೇರಿಸಿದ್ದರು. ಮೊಬೈಲಿನಲ್ಲಿ ಏನು ನೋಡುತ್ತೀರಿ ಎಂದು ಕೇಳಿದೆವು. ಕ್ರಿಕೆಟ್, ಹಾಡು, ರೀಲ್ಸ್ ಎಂದೆಲ್ಲ ಹೇಳಿದ ಮೇಲೆ ಹಿಂದೆ ಕುಳಿತಿದ್ದವನೊಬ್ಬ, "ಇಂಗ್ಲಿಷ್ ಕಾಮಿಡಿ ತುಣುಕು ನೋಡ್ತೇವ್ರಿ ಫಾದರ್" ಎಂದ. ಉಳಿದವರು ಮುಖ ಮುಖ ನೋಡಿಕೊಂಡು ನಕ್ಕರು. "ಏನಿಲ್ರಿ, ಬರೇ ನಗಾಕ" ಎಂದು ಇನ್ನೊಬ್ಬ ಸಮಜಾಯಿಷಿ ಕೊಟ್ಟ.

ಅವರು ಹೇಳಿದ ಹೆಸರುಗಳಲ್ಲಿ ಒಂದು 'ಅಮೆರಿಕನ್ ಪೈ'. 1999ರ ಚಿತ್ರ, ಈ ಹುಡುಗರು ಹುಟ್ಟುವ ಮೊದಲೇ ಬಂದದ್ದು. ಹೈಸ್ಕೂಲು ಮುಗಿಸುತ್ತಿರುವ ನಾಲ್ವರು ಗೆಳೆಯರು ಶಾಲೆಯ ಕೊನೆಯ ನೃತ್ಯಕೂಟದ ರಾತ್ರಿಯೊಳಗೆ ತಮ್ಮ ಕನ್ಯತ್ವವನ್ನು 'ಕಳೆದುಕೊಂಡು' ಬಿಡಬೇಕೆಂದು ಆಣೆ ಮಾಡುವುದೇ ಅದರ ಕಥೆ. ಸುಮಾರು 1.1 ಕೋಟಿ ಡಾಲರ್ ಹೂಡಿ ತೆಗೆದ ಚಿತ್ರ ಜಗತ್ತಿನಾದ್ಯಂತ 23 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಈ ಜಾತಿಯ ಚಿತ್ರಗಳು ಅದಕ್ಕೂ ಮೊದಲು ಇದ್ದವು, ಅನಂತರವೂ ಬಂದವು. 2003ರಲ್ಲಿ ತಮಿಳಿನಲ್ಲಿ ಶಂಕರ್ ನಿರ್ದೇಶನದ 'ಬಾಯ್ಸ್' ಬಂದಾಗ ಅಶ್ಲೀಲವೆಂಬ ದೊಡ್ಡ ಗದ್ದಲವೇ ನಡೆಯಿತು.

ಇಂಥ ಚಿತ್ರ ಕೆಟ್ಟದ್ದು, ನೋಡಬಾರದು ಎಂದು ಬರೆದು ಪುಟ ಮುಗಿಸುವುದು ನಮಗೆ ಸುಲಭ. ಹಾಗೆ ಎಷ್ಟೋ ಬಾರಿ ಬರೆದಿದ್ದೇವೆ, ಯಾರೂ ನೋಡುವುದನ್ನು ಬಿಟ್ಟಂತಿಲ್ಲ. ಆದ್ದರಿಂದ ಈ ಸಲ ಆ ಚಿತ್ರದ ಒಂದೇ ಸನ್ನಿವೇಶವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬೇರೆ ದೇಶದಿಂದ ಓದಲು ಬಂದ ಹುಡುಗಿಯೊಬ್ಬಳು ಕೋಣೆಯಲ್ಲಿ ಬಟ್ಟೆ ಬದಲಿಸುತ್ತಾಳೆ. ಅವಳಿಗೆ ತಿಳಿಯದಂತೆ ಕಂಪ್ಯೂಟರಿನ ಕ್ಯಾಮೆರಾ ಅದನ್ನು ಬಿತ್ತರಿಸುತ್ತದೆ, ಶಾಲೆಗೆ ಶಾಲೆಯೇ ನೋಡುತ್ತದೆ. ಹುಡುಗನಿಗೆ ಗೆಳೆಯರ ನಡುವೆ ಮುಖಭಂಗವಾಗುತ್ತದೆ, ಅಷ್ಟೇ. ಹುಡುಗಿಯನ್ನು ಅವಳ ದೇಶಕ್ಕೆ ವಾಪಸು ಕಳುಹಿಸುತ್ತಾರೆ, ಕಥೆ ನಗುನಗುತ್ತಾ ಮುಂದೆ ಸಾಗುತ್ತದೆ. ನಮ್ಮ ದೇಶದಲ್ಲಿ 2013ರಿಂದ ಇದು ದಂಡಸಂಹಿತೆಯಲ್ಲೇ ಪ್ರತ್ಯೇಕ ಅಪರಾಧ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 77ನೇ ಕಲಮು. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಸಜೆ. ಹುಡುಗಿಗೆ ಹದಿನೆಂಟು ತುಂಬಿರದಿದ್ದರೆ ಪೋಕ್ಸೊ ಕಾಯ್ದೆಯೂ ಸೇರಿಕೊಳ್ಳುತ್ತದೆ. ನಮ್ಮ ಹುಡುಗರು ನಗುತ್ತಿದ್ದದ್ದು ಇದಕ್ಕೆ.

ಹಾಗೆಂದು ಆ ಚಿತ್ರದಲ್ಲಿ ಒಳ್ಳೆಯದು ಇಲ್ಲವೇ ಇಲ್ಲ ಎನ್ನಲಾರೆವು. ಮುಜುಗರದಿಂದ ತಡವರಿಸುತ್ತಲೇ ಮಗನೊಡನೆ ಈ ವಿಷಯ ಮಾತಾಡಲು ಯತ್ನಿಸುವ ಒಬ್ಬ ತಂದೆ ಅದರಲ್ಲಿದ್ದಾನೆ. ಅಂಥ ತಂದೆಯನ್ನು ನಾವು ನವಲಗುಂದದಲ್ಲೂ ಕಂಡಿಲ್ಲ, ನಮ್ಮ ಕರಾವಳಿಯಲ್ಲೂ ಕಂಡದ್ದು ಕಡಿಮೆ.

ಪೋಲಿ ನಗು ಈ ಸೀಮೆಗೆ ಮೊಬೈಲು ತಂದುಕೊಟ್ಟದ್ದೇನಲ್ಲ. ನವಲಗುಂದದ ರಾಮಲಿಂಗ ಕಾಮಣ್ಣ ಹೋಳಿ ಹುಣ್ಣಿಮೆಗೆ ಪ್ರಸಿದ್ಧ. ಮದುವೆಗೆ, ಮಕ್ಕಳಿಗೆ ಹರಕೆ ಹೊತ್ತ ಜನ ದೂರದೂರದಿಂದ ಬರುತ್ತಾರೆ. ಉತ್ತರ ಕರ್ನಾಟಕದ ಊರೂರಲ್ಲಿ ಹಲಗಿ ಬಡಿಯುತ್ತಾ, ಬಾಯಿ ಬಡಿದುಕೊಳ್ಳುತ್ತಾ ಗಂಡುಹುಡುಗರು ಅಂದು ಆಡುವ ಮಾತು ಉಳಿದ ದಿನ ಆಡುವಂತಿಲ್ಲ. ಕಾಮನನ್ನು ಸುಟ್ಟು, ಬಣ್ಣ ತೊಳೆದುಕೊಂಡ ಮೇಲೆ ಮುಗಿಯಿತು. ಹಿರಿಯರ ಕಣ್ಣೆದುರು, ಅವಧಿ ಗೊತ್ತಿರುವ ಸಲುಗೆ ಅದು. ಮೊಬೈಲಿನ ಹೋಳಿಗೆ ಹುಣ್ಣಿಮೆಯಿಲ್ಲ, ಹಿರಿಯರಿಲ್ಲ. ಆದರೆ ಎರಡರಲ್ಲೂ ಒಂದು ಸಂಗತಿ ಸಮಾನ: ನಗುವವನು ಹುಡುಗ. ಹುಡುಗಿ ಬಾಗಿಲ ಮರೆಯಲ್ಲಿ.

ಅವಳ ವಿಷಯದಲ್ಲಾದರೋ ಎಲ್ಲವೂ ಓಣಿಗೇ ಗೊತ್ತು. ದೊಡ್ಡಾಕಿ ಆದ ದಿನ ಬಳಗ ಸೇರುತ್ತದೆ, ಆರತಿಯಾಗುತ್ತದೆ, ಉಡಿ ತುಂಬುತ್ತಾರೆ. ಅಂದಿನಿಂದ ಅವಳ ಓಡಾಟಕ್ಕೆ ಲೆಕ್ಕ ಶುರು. ಯಾವ ಬಸ್ಸಿಗೆ ಬಂದಳು, ಯಾರ ಜೊತೆ ಮಾತಾಡಿದಳು, ಮೊಬೈಲು ಯಾರು ಕೊಟ್ಟರು? ಒಂದು ಮೆಸೇಜು ಸಿಕ್ಕರೆ ಸಾಕು, ಕಾಲೇಜು ಬಂದ್, ವರ ಹುಡುಕಾಟ ಆರಂಭ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಬಡತನ ಇದಕ್ಕೆ ಕಾರಣ, ನಿಜ. ಭಯವೂ ಕಾರಣ. ಮುಳ್ಳು ಬಾಳೆಎಲೆಯ ಮೇಲೆ ಬಿದ್ದರೂ, ಬಾಳೆಎಲೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಬಾಳೆಎಲೆಯೇ ಎಂಬ ಗಾದೆಯನ್ನು ಮಗಳಿಗೆ ಹೇಳದ ತಾಯಿ ವಿರಳ. ಆ ಗಾದೆಯಲ್ಲಿ ಮುಳ್ಳಿಗೆ ಹೇಳಿದ ಬುದ್ಧಿಮಾತು ಒಂದೂ ಇಲ್ಲ ಎಂಬುದನ್ನು ಮಾತ್ರ ಯಾರೂ ಗಮನಿಸಿದಂತಿಲ್ಲ.

ಮಾತಿನಲ್ಲೇ ಈ ತಾರತಮ್ಯ ಸೇರಿಹೋಗಿದೆ. 'ಶೀಲ' ಎಂದರೆ ನಡತೆ; ವ್ರತನಿಷ್ಠರನ್ನು, ಗಂಡಸರನ್ನೂ, ಶೀಲವಂತರೆಂದು ಕರೆದ ನಾಡು ಇದು. ಇಂದು ಪತ್ರಿಕೆಯಲ್ಲಿ 'ಶೀಲ ಕಳೆದುಕೊಂಡ' ಎಂಬ ಸುದ್ದಿ ಪುಲ್ಲಿಂಗದಲ್ಲಿ ಬರುವುದನ್ನು ಕಂಡಿದ್ದೀರಾ? ಒಬ್ಬ ಮನುಷ್ಯನ ಇಡೀ ನಡತೆಗೆ ಇದ್ದ ಹೆಸರು ಸವೆದು ಸವೆದು ಹುಡುಗಿಯ ದೇಹದ ಒಂದು ಸ್ಥಿತಿಗೆ ಬಂದು ನಿಂತಿದೆ. ಅಮೆರಿಕದ ಚಿತ್ರದಲ್ಲಿ 'ಕಳೆದುಕೊಳ್ಳುವುದು' ಹುಡುಗನಿಗೆ ಪದಕ, ಇಲ್ಲಿ ಅದೇ ಕ್ರಿಯಾಪದ ಹುಡುಗಿಗೆ ಶಿಕ್ಷೆ.

ಈ ಗೋಜಲಿನ ಮಧ್ಯೆ ಈಗ ಕಾನೂನು ನಿಂತಿದೆ. 2012ರವರೆಗೆ ಸಮ್ಮತಿಯ ವಯಸ್ಸು ಹದಿನಾರು. ಪೋಕ್ಸೊ ಅದನ್ನು ಹದಿನೆಂಟಕ್ಕೆ ಏರಿಸಿತು. ಹದಿನೇಳರ ಹುಡುಗಿ ತಾನಾಗಿಯೇ ಒಪ್ಪಿದ್ದಳೆಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ. 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ ಹತ್ತು ವರ್ಷ, ಹುಡುಗಿ ಗರ್ಭಿಣಿಯಾದರೆ ಇಪ್ಪತ್ತು. 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಇಂಥದ್ದೊಂದು ಮೇಲ್ಮನವಿ ಬಂತು. 2017ರಲ್ಲಿ ಹದಿನೇಳರ ಹುಡುಗಿ ಪ್ರೀತಿಸಿದವನೊಡನೆ ಹೋಗಿದ್ದಳು. ವಿಚಾರಣೆಯಲ್ಲಿ ಸಾಕ್ಷಿಗಳೆಲ್ಲ ತಿರುಗಿಬಿದ್ದರು. ಮೇಲ್ಮನವಿ ತೀರ್ಮಾನವಾಗುವಷ್ಟರಲ್ಲಿ ಇಬ್ಬರೂ ಮದುವೆಯಾಗಿ ಎರಡು ಮಕ್ಕಳ ತಂದೆತಾಯಿ. ಖುಲಾಸೆಯನ್ನು ಎತ್ತಿಹಿಡಿದ ಪೀಠ ಎರಡು ಮಾತು ಹೇಳಿತು: ಹದಿನಾರು ದಾಟಿದ ಹುಡುಗಿಯರ ಇಂಥ ಪ್ರಕರಣಗಳು ಹಲವು ಬರುತ್ತಿರುವುದರಿಂದ ಕಾನೂನು ಆಯೋಗ ವಯಸ್ಸಿನ ವಿಷಯ ಮರುಚಿಂತಿಸಲಿ, ಒಂಬತ್ತನೇ ತರಗತಿಯಿಂದ ಮಕ್ಕಳಿಗೆ ಈ ಕಾನೂನನ್ನು ತಿಳಿಸುವ ಪಾಠವನ್ನು ಶಿಕ್ಷಣ ಇಲಾಖೆ ಸಿದ್ಧಪಡಿಸಲಿ. 2023ರ ಸೆಪ್ಟೆಂಬರಿನ ವರದಿಯಲ್ಲಿ ಆಯೋಗ ಹದಿನೆಂಟನ್ನು ಇಳಿಸಬಾರದೆಂದಿತು. ಹದಿನಾರರಿಂದ ಹದಿನೆಂಟರ ಪ್ರಕರಣಗಳಲ್ಲಿ ಶಿಕ್ಷೆ ನಿಗದಿಗೆ ನ್ಯಾಯಾಧೀಶರಿಗೆ ಮಿತವಾದ ವಿವೇಚನೆ ಇರಲಿ ಎಂದಿತು.

ವಯಸ್ಸು ಇಳಿಸಬಾರದೆಂಬುದೇ ನಮ್ಮ ಅಭಿಪ್ರಾಯವೂ. ಆದರೆ ಮಾನ ಮುಚ್ಚಲು ಅವಸರದ ಮದುವೆ ಮಾಡುವವರು ಒಂದು ತಿಳಿಯಬೇಕು. ಕರ್ನಾಟಕದಲ್ಲಿ 2016ರ ತಿದ್ದುಪಡಿ ಕಾಯ್ದೆಯಂತೆ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. 2017ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಗಂಡನಿಗೂ ವಿನಾಯಿತಿಯಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಚೊಚ್ಚಲ ಬಾಣಂತಿಗೆ ತವರಿನವರು ಪ್ರೀತಿಯಿಂದ ಕೊಡುತ್ತಾರೆ. ಆ ಬಾಣಂತಿಗೆ ಹದಿನೇಳಾಗಿದ್ದರೆ ತಾಯಿ ಕಾರ್ಡಿಗೆ ವಯಸ್ಸು ಬರೆಯುವ ಆಸ್ಪತ್ರೆಯವರು ಪೊಲೀಸರಿಗೂ ತಿಳಿಸಲೇಬೇಕು. ಶಾಲೆ, ಹಾಸ್ಟೆಲು ನಡೆಸುವ ನಮ್ಮವರಿಗೂ ಇದೇ ನಿಯಮ. ಗೊತ್ತಿದ್ದೂ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆಯಿದೆ.

ಇನ್ನು ನಮ್ಮ ಪೀಠದಿಂದ ಏನು ಬೋಧಿಸಿದ್ದೇವೆ? ಜುಲೈ 6ರಂದು ಸಂತ ಮರಿಯಾ ಗೊರೆಟ್ಟಿಯ ಹಬ್ಬಕ್ಕೆ ಹುಡುಗಿಯರನ್ನು ಕೂಡಿಸಿ, ಕನ್ಯತ್ವ ಉಳಿಸಲು ಪ್ರಾಣ ಕೊಟ್ಟವಳೆಂದು ಹೇಳುತ್ತೇವೆ. ಹನ್ನೊಂದು ವರ್ಷದ ಬಾಲೆ, 1902ರಲ್ಲಿ ಇರಿತಕ್ಕೊಳಗಾದವಳು. ಕೇಳುತ್ತಾ ಕುಳಿತವರಲ್ಲಿ ಅಂಥದ್ದೇ ಬಲಾತ್ಕಾರ ಅನುಭವಿಸಿ ಬದುಕಿ ಉಳಿದವಳೊಬ್ಬಳು ಇದ್ದರೆ ಅವಳು ಏನೆಂದು ತಿಳಿಯಬೇಕು? ಸಂತ ಅಗಸ್ಟೀನರು ಇದಕ್ಕೆ ಹದಿನಾರು ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. 410ರಲ್ಲಿ ರೋಮ್ ಲೂಟಿಯಾದಾಗ ಅತ್ಯಾಚಾರಕ್ಕೊಳಗಾದ ಸ್ತ್ರೀಯರ ಪರವಾಗಿ 'ದೇವನಗರ' ಗ್ರಂಥದ ಮೊದಲ ಭಾಗದಲ್ಲೇ ಅವರು ವಾದಿಸುತ್ತಾರೆ: ಶುದ್ಧತೆ ಮನಸ್ಸಿನ ಗುಣ, ಪರರ ಬಲಾತ್ಕಾರದಿಂದ ಅದು ಹೋಗದು. ಸೂಲಗಿತ್ತಿ ಪರೀಕ್ಷಿಸುವಾಗ ಪೊರೆ ಹರಿದರೂ ಹುಡುಗಿ ಪಾವಿತ್ರ್ಯ ಕಳೆದುಕೊಳ್ಳಳೆಂಬ ಉದಾಹರಣೆಯೂ ಅಲ್ಲಿದೆ. ಸೆಮಿನರಿಯಲ್ಲಿ ಓದಿ ಪರೀಕ್ಷೆ ಪಾಸಾದೆವು, ಬೋಧನೆಯಲ್ಲಿ ಮರೆತೆವು. 2008ರಲ್ಲಿ ಕೇರಳದ ಧರ್ಮಭಗಿನಿಯೊಬ್ಬರ ಮೇಲೆ ತನಿಖೆಯ ನೆಪದಲ್ಲಿ ನಡೆದ ಕನ್ಯತ್ವ ಪರೀಕ್ಷೆ ಸಂವಿಧಾನಬಾಹಿರವೆಂದು 2023ರಲ್ಲಿ ಹೇಳಿದ್ದು ದೆಹಲಿ ಹೈಕೋರ್ಟು. ನಾವು ಅಷ್ಟು ವರ್ಷ ಆ ಪರೀಕ್ಷೆಯ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಬೆಳೆಯುವ ಮಕ್ಕಳಿಗೆ ವಿವೇಕಯುತ ಲೈಂಗಿಕ ಶಿಕ್ಷಣ ಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತ್ತು. ನಮ್ಮ ಬಹುತೇಕ ಧರ್ಮಕೇಂದ್ರಗಳಲ್ಲಿ ಅದು ಮದುವೆಗೆ ಮುಂಚಿನ ಸಿದ್ಧತಾ ಶಿಬಿರದಲ್ಲಿ, ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಆ ಸಂಜೆ ಹುಡುಗರಿಗೆ ಅಗಸ್ಟೀನರನ್ನು ಹೇಳಲು ಹೋಗಲಿಲ್ಲ. ಚಿತ್ರದ ಆ ಹುಡುಗಿಗೆ ಮುಂದೆ ಏನಾಯಿತು ಎಂದಷ್ಟೇ ಕೇಳಿದೆವು. ಯಾರಿಗೂ ನೆನಪಿರಲಿಲ್ಲ. ಪೋಕ್ಸೊ ವಿಷಯ ಹೇಳಿದಾಗ ನಗು ನಿಂತಿತು. "ಹದಿನೇಳು ವರ್ಷದಾಕಿ ತಾನಽ ಬಂದ್ರೂ ಕೇಸ್ ಆಗತೈತೇನ್ರಿ?" ಎಂದು ಒಬ್ಬ ಕೇಳಿದ. ಆಗುತ್ತದೆ ಎಂದೆವು. ಎಷ್ಟು ವರ್ಷ, ಜಾಮೀನು ಸಿಗುತ್ತದೆಯೇ, ಹುಡುಗನೂ ಸಣ್ಣವನಾಗಿದ್ದರೆ ಹೇಗೆ? ಪ್ರಶ್ನೆಗಳು ಒಂದರ ಮೇಲೊಂದು ಬಂದವು. ಕೊನೆಗೆ ರೀಲ್ಸ್ ಎಂದಿದ್ದ ಹುಡುಗ, "ಮತ್ತ ಆಕಿಗೇನಾಗತೈತ್ರಿ ಫಾದರ್?" ಎಂದ. ಅಷ್ಟು ಹೊತ್ತಿಗೆ ಕೊನೆಯ ಬಸ್ಸು ಬಂದಿತ್ತು. ಮುಂದಿನ ತಿಂಗಳು ಬಂದಾಗ ಅಲ್ಲಿಂದಲೇ ಶುರು ಮಾಡೋಣ ಎಂದು ಹೇಳಿ ಬಂದಿದ್ದೇವೆ. ಆ ಸಲ ಹುಡುಗಿಯರನ್ನೂ ಕರೆಯುವುದಾಗಿ ಧರ್ಮಭಗಿನಿಯರು ತಿಳಿಸಿದ್ದಾರೆ.